ಅಕಿಕಿಕಿಯ ನೆಲೆ ಕುಗ್ಗಿದ್ದು ಹೇಗೆ: ಕವಾಯಿ ದ್ವೀಪದ ಒಂದು ಪ್ರಕರಣ ಅಧ್ಯಯನ

ಹವಾಯಿ ದ್ವೀಪಸಮೂಹದ ಕವಾಯಿಯಲ್ಲಿ, ಅಲಕಾಯಿ ಪ್ರಸ್ಥಭೂಮಿಯ ಮೇಲೆ ಇವತ್ತಿಗೂ ಕಾಡು ಇದೆ. ಓಹಿಯಾ ಮರಗಳು ನಿಂತಿವೆ, ಕೊಂಬೆಗಳ ಮೇಲೆ ಪಾಚಿ ದಪ್ಪಗೆ ಕಟ್ಟಿದೆ, ತೊಗಟೆಯ ಸಂದುಗಳಲ್ಲಿ ಹುಳುಹುಪ್ಪಟೆ ಸಿಗುತ್ತವೆ. ಆ ಹುಳುಗಳನ್ನು ಹೆಕ್ಕಿ ಬದುಕುತ್ತಿದ್ದ ಅಕಿಕಿಕಿ ಎಂಬ ಪುಟ್ಟ ಹಕ್ಕಿ ಮಾತ್ರ ಅಲ್ಲಿ ಹೆಚ್ಚುಕಡಿಮೆ ಇಲ್ಲವಾಗಿದೆ. ಮರ ಕಡಿದದ್ದರಿಂದ ಹಕ್ಕಿ ನೆಲೆ ಕಳೆದುಕೊಂಡ ಪ್ರಕರಣಗಳು ಬೇಕಾದಷ್ಟಿವೆ. ಕಾಡು ಉಳಿದಿದ್ದರೂ, ಅದೂ ಸರ್ಕಾರ ಕಾಯ್ದಿಟ್ಟ ಕಾಡೇ ಆಗಿದ್ದರೂ, ಅದರೊಳಗೇ ನೆಲೆ ಅಂಚಿನಿಂದ ಒಳಕ್ಕೆ ಸುಕ್ಕುತ್ತ ಹೋದ ಪ್ರಕರಣ ಇದು. ಇಲ್ಲಿ ಗಡಿ ಹಾಕಿದ್ದು ಕೊಡಲಿಯಲ್ಲ, ಉಷ್ಣಾಂಶ.

ಹಕ್ಕಿ, ಜಾಗ, ಅಂಕಿಗಳು

ಅಕಿಕಿಕಿಯ ವೈಜ್ಞಾನಿಕ ಹೆಸರು ಓರಿಯೋಮಿಸ್ಟಿಸ್ ಬೇರ್ಡಿ. ಹವಾಯಿಯ ಹನಿಕ್ರೀಪರ್ ಗುಂಪಿನದು. ಉದ್ದ ಸುಮಾರು 13 ಸೆಂಟಿಮೀಟರ್, ಬೆನ್ನು ಬೂದು, ಹೊಟ್ಟೆ ಮಾಸಲು ಬಿಳಿ, ಕೊಕ್ಕೂ ಕಾಲೂ ನಸುಗೆಂಪು, ಬಾಲ ಮೊಂಡು. ಈ ಗುಂಪಿನ ಹಲವು ಹಕ್ಕಿಗಳು ಹೂವಿನ ಮಕರಂದಕ್ಕೆ ಹೋದರೆ ಅಕಿಕಿಕಿ ಕಾಂಡ ಮತ್ತು ಕೊಂಬೆಗಳನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ತೆವಳುತ್ತ, ಪಾಚಿ, ಕಲ್ಲುಹೂವು, ಸಡಿಲಾದ ತೊಗಟೆಯ ಅಡಿಯಿಂದ ಹುಳು, ಜೇಡಗಳನ್ನು ಎಳೆದು ತಿನ್ನುತ್ತದೆ. ಗೂಡು ಓಹಿಯಾ ಮರದ ನೆತ್ತಿಯಲ್ಲಿ, ಕೊಂಬೆಯ ತುದಿಯ ಕಡೆ, ಪಾಚಿಯದ್ದೇ. ಒಂದು ಸಲಕ್ಕೆ ಒಂದೋ ಎರಡೋ ಮೊಟ್ಟೆ. ಮರಿಗಳು ಸ್ವತಂತ್ರವಾದ ಮೇಲೂ ಕೆಲವು ಕಾಲ ತಂದೆತಾಯಿಯ ಜೊತೆಗೇ ಓಡಾಡುತ್ತವೆ. ಸಂತಾನ ನಿಧಾನ ಎಂಬ ಈ ಅಂಶವನ್ನು ನೆನಪಿಡಬೇಕು, ಮುಂದೆ ಲೆಕ್ಕಕ್ಕೆ ಬರುತ್ತದೆ.

ಪ್ರಸ್ಥಭೂಮಿಯ ಎತ್ತರ ಸುಮಾರು 1,000ದಿಂದ 1,600 ಮೀಟರ್. ದ್ವೀಪದ ಅತಿ ಎತ್ತರದ ಶಿಖರ ಕವಾಯಿಕಿನಿ 1,598 ಮೀಟರ್, ಅದರ ಮೇಲೆ ಆಕಾಶವೇ. ಪಕ್ಕದ ವಾಯಾಲೆಯಾಲೆ ಜಗತ್ತಿನ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು.

1970ರ ಆಸುಪಾಸಿನ ಗಣತಿಯಲ್ಲಿ ಅಕಿಕಿಕಿಯ ಹರವು 88 ಚದರ ಕಿಲೋಮೀಟರ್, ಸಂಖ್ಯೆ ಸುಮಾರು 6,800. 2000ದ ಹೊತ್ತಿಗೆ ಹರವು 36 ಚದರ ಕಿಲೋಮೀಟರ್, ಸಂಖ್ಯೆ ಸುಮಾರು 1,500. 2012ರ ಅಂದಾಜು 468. 2021ರಲ್ಲಿ 45. 2023ರಲ್ಲಿ ಕಾಡಿನಲ್ಲಿ ಗೊತ್ತಿದ್ದವು ಐದೇ ಐದು. ಅಮೆರಿಕದ ಒಕ್ಕೂಟ ಸರ್ಕಾರ ಇದನ್ನು ಅಪಾಯದಂಚಿನ ಪ್ರಭೇದಗಳ ಪಟ್ಟಿಗೆ ಸೇರಿಸಿದ್ದು 2010ರಲ್ಲಿ, ಅಂದರೆ ನೆಲೆಯ ಅರ್ಧಕ್ಕಿಂತ ಹೆಚ್ಚು ಹೋಗಿ ಹತ್ತು ವರ್ಷ ಕಳೆದ ಮೇಲೆ.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಹವಾಯಿಯಲ್ಲಿ ಕಾಡುಹಕ್ಕಿಗಳನ್ನು ಎಣಿಸುವ ರೂಢಿಯ ವಿಧಾನ ಹೀಗಿದೆ: ಕಾಡಿನೊಳಗೆ ಗೆರೆ ಎಳೆದಂತೆ ಹಾದಿ ಗುರುತಿಸಿ, ಅದರ ಮೇಲೆ ನಿಗದಿತ ಅಂತರಕ್ಕೊಂದು ತಾಣ ಇಟ್ಟು, ಪ್ರತಿ ತಾಣದಲ್ಲಿ 8 ನಿಮಿಷ ನಿಂತು ಕಂಡ ಮತ್ತು ಕೇಳಿದ ಪ್ರತಿ ಹಕ್ಕಿಯನ್ನೂ ಅದು ಎಷ್ಟು ದೂರದಲ್ಲಿದೆ ಎಂಬುದರ ಜೊತೆ ಬರೆದುಕೊಳ್ಳುವುದು. ದೂರ ಹೆಚ್ಚಿದಂತೆ ಎಷ್ಟು ಹಕ್ಕಿ ತಪ್ಪಿಹೋಗುತ್ತವೆ ಎಂಬ ಲೆಕ್ಕದಿಂದ ಸಾಂದ್ರತೆ ಸಿಗುತ್ತದೆ. ಜೋರಾಗಿ ಹಾಡುವ ಹಕ್ಕಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಅಕಿಕಿಕಿ ಮೆಲುದನಿಯ ಹಕ್ಕಿ, ಬಹುಪಾಲು ಹೊತ್ತು ಸುಮ್ಮನೆ ಹುಳು ಹೆಕ್ಕುತ್ತಿರುತ್ತದೆ. ಮಳೆ, ಗಾಳಿ ಇದ್ದರೆ ದನಿ ಕೇಳಿಸುವುದೇ ಇಲ್ಲ. ಹಾಗಾಗಿ ಸಂಖ್ಯೆ ಕಡಿಮೆಯಾದಷ್ಟೂ ಅಂದಾಜಿನ ಏರುಪೇರು ದೊಡ್ಡದಾಗುತ್ತದೆ. ಒಂದು ಎಣಿಕೆಗೂ ಮುಂದಿನ ಎಣಿಕೆಗೂ ವ್ಯತ್ಯಾಸ ಕಂಡಾಗ ಇಳಿಕೆ ನಿಜವೋ ಎಣಿಕೆಯ ಅಡ್ಡಾದಿಡ್ಡಿಯೋ ಎಂದು ವಾದ ಹುಟ್ಟುತ್ತದೆ, ಆ ವಾದದಲ್ಲೇ ವರ್ಷಗಳು ಹೋಗುತ್ತವೆ. ಅಪರೂಪದ ಹಕ್ಕಿಗಳ ವಿಷಯದಲ್ಲಿ ತಲೆಯೆಣಿಕೆಗಿಂತ ಹರವಿನ ನಕ್ಷೆಯನ್ನು ಹೆಚ್ಚು ನಂಬಬೇಕು. ಎಷ್ಟು ತಾಣಗಳಲ್ಲಿ ಹಕ್ಕಿ ಇದೆ, ಎಷ್ಟರಲ್ಲಿ ಇಲ್ಲ ಎಂಬುದು ಬೇಗ ಹೇಳುತ್ತದೆ, ತಪ್ಪಿದರೂ ಕಡಿಮೆ ತಪ್ಪುತ್ತದೆ.

ಆ ನಕ್ಷೆ ಇಲ್ಲಿ ಸ್ಪಷ್ಟವಾಗಿಯೇ ಇತ್ತು. ಪ್ರಸ್ಥಭೂಮಿಯ ಪಶ್ಚಿಮದ, ತಗ್ಗಿನ ಅಂಚುಗಳು ಮೊದಲು ಖಾಲಿಯಾದವು. ಪೂರ್ವದ, ಎತ್ತರದ, ಹೆಚ್ಚು ಒದ್ದೆಯಾದ ಭಾಗ ಕೊನೆಗೆ ಉಳಿಯಿತು. ಬಿರುಗಾಳಿಯಿಂದಾದ ನಷ್ಟವಾಗಿದ್ದರೆ ಬಿದ್ದ ಮರಗಳ ಜಾಡಿನಲ್ಲಿ ಇರಬೇಕಿತ್ತು. ಇಲಿಗಳದ್ದೇ ಕೆಲಸವಾಗಿದ್ದರೆ ಚದುರಿದಂತೆ ಅಲ್ಲಲ್ಲಿ ಕಾಣಬೇಕಿತ್ತು. ಕೆಳಗಿನಿಂದ ಮೇಲಕ್ಕೆ ಅಳಿಸುತ್ತ ಬಂದ ವಿನ್ಯಾಸ ಉಷ್ಣಾಂಶದ ಕಡೆಗೇ ಬೆರಳು ತೋರಿಸುತ್ತದೆ.

ಹದಿಮೂರು ಡಿಗ್ರಿಯ ಲೆಕ್ಕ

ಹವಾಯಿಯಲ್ಲಿ ಮೂಲದಲ್ಲಿ ಸೊಳ್ಳೆಗಳೇ ಇರಲಿಲ್ಲ. ಕ್ಯೂಲೆಕ್ಸ್ ಕ್ವಿಂಕ್ವಿಫ್ಯಾಸಿಯೇಟಸ್ ಎಂಬ ರಾತ್ರಿ ಕಚ್ಚುವ ಸೊಳ್ಳೆ 1826ರಲ್ಲಿ ಹಡಗೊಂದರ ನೀರಿನ ಪೀಪಾಯಿಗಳಲ್ಲಿ ಮಾವಿ ದ್ವೀಪಕ್ಕೆ ಬಂದಿಳಿಯಿತು ಎಂಬುದು ದಾಖಲಾಗಿದೆ. ಆಮೇಲೆ ಹೊರಗಿನಿಂದ ತಂದು ಬಿಟ್ಟ ಹಕ್ಕಿಗಳ ಜೊತೆ ಹಕ್ಕಿಮಲೇರಿಯಾ ಬಂತು. ಅದರ ಕಾರಣ ಪ್ಲಾಸ್ಮೋಡಿಯಂ ರೆಲಿಕ್ಟಂ. ಈ ರೋಗವನ್ನು ಎಂದೂ ಕಾಣದೆ ವಿಕಾಸಗೊಂಡ ಹನಿಕ್ರೀಪರ್‌ಗಳಿಗೆ ಅದನ್ನು ಎದುರಿಸುವ ಶಕ್ತಿ ಇರಲಿಲ್ಲ. ಕೆಂಪು ಬಣ್ಣದ ಇಇವಿ ಹಕ್ಕಿಯ ಮೇಲೆ ನಡೆಸಿದ ಪ್ರಯೋಗದಲ್ಲಿ, ರೋಗವಿರುವ ಒಂದೇ ಸೊಳ್ಳೆಯ ಕಡಿತಕ್ಕೆ ಹತ್ತರಲ್ಲಿ ಒಂಬತ್ತು ಹಕ್ಕಿಗಳು ಸತ್ತವು. ತಗ್ಗಿನ ಕಾಡುಗಳೆಲ್ಲ ಬರಿದಾಗಿ, ಬದುಕಿದವು ತಂಪಿನ ಎತ್ತರದಲ್ಲಿದ್ದವು ಮಾತ್ರ.

ತಂಪು ಕಾಯುವುದು ಹೇಗೆ ಎಂಬುದನ್ನು ಹತ್ತಿರದಿಂದ ನೋಡೋಣ. ರೋಗದ ಹಕ್ಕಿಯ ರಕ್ತ ಹೀರಿದ ಕೂಡಲೇ ಸೊಳ್ಳೆ ರೋಗ ಹರಡಲಾರದು. ಪರೋಪಜೀವಿ ಸೊಳ್ಳೆಯ ಕರುಳಗೋಡೆಯಲ್ಲಿ ಬೆಳೆದು, ಒಡೆದು, ಜೊಲ್ಲುಗ್ರಂಥಿಯನ್ನು ಮುಟ್ಟಬೇಕು. ಅದಕ್ಕೆ ಬಿಸಿ ಬೇಕು. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೆಳವಣಿಗೆ ನಿಂತೇ ಹೋಗುತ್ತದೆ. ಅದರ ಮೇಲೆ, ಪ್ರತಿ ದಿನ 13ಕ್ಕಿಂತ ಎಷ್ಟು ಡಿಗ್ರಿ ಹೆಚ್ಚಿದೆಯೋ ಅದನ್ನು ಕೂಡುತ್ತ ಹೋದರೆ ಒಟ್ಟು 86 ಆದಾಗ ಬೆಳವಣಿಗೆ ಪೂರ್ತಿಯಾಗುತ್ತದೆ. ದಿನದ ಸರಾಸರಿ 20 ಡಿಗ್ರಿ ಇದ್ದರೆ ದಿನಕ್ಕೆ 7, ಅಂದರೆ ಸುಮಾರು 12 ದಿನ ಸಾಕು. 17 ಡಿಗ್ರಿ ಇದ್ದರೆ ದಿನಕ್ಕೆ 4, ಸುಮಾರು 22 ದಿನ. 15 ಡಿಗ್ರಿ ಇದ್ದರೆ ದಿನಕ್ಕೆ 2, ಅಂದರೆ 43 ದಿನ. ಕಾಡಿನಲ್ಲಿ ಮೂರು ವಾರ ಬದುಕುವ ಹೆಣ್ಣು ಸೊಳ್ಳೆಗಳು ಸಿಗುತ್ತವೆ, ಆರು ವಾರ ಬದುಕುವವು ತೀರಾ ಅಪರೂಪ. ಪರೋಪಜೀವಿ ತಯಾರಾಗುವ ಮೊದಲೇ ಸೊಳ್ಳೆ ಸಾಯುತ್ತದೆ. ಆದ್ದರಿಂದ 15ರಿಂದ 17ಕ್ಕೆ ಏರುವ ಎರಡೇ ಡಿಗ್ರಿ ರೋಗ ಹರಡದ ಕಾಡನ್ನು ರೋಗ ಹರಡುವ ಕಾಡಾಗಿ ಮಾಡಿಬಿಡುತ್ತದೆ. ಹವಾಯಿಯ ಕ್ಷೇತ್ರಕಾರ್ಯದಲ್ಲಿ 17 ಡಿಗ್ರಿಯ ಗೆರೆಯನ್ನು ರೋಗ ಜೋರಾಗಿ ಹರಡುವ ಪ್ರದೇಶದ ಮೇಲಿನ ಅಂಚೆಂದು ಹಿಡಿಯುವುದಕ್ಕೆ ಈ ಲೆಕ್ಕವೇ ಕಾರಣ.

ಎತ್ತರ ಒಂದು ಕಿಲೋಮೀಟರ್ ಏರಿದರೆ ಉಷ್ಣಾಂಶ ಸ್ಥೂಲವಾಗಿ 6ರಿಂದ 6.5 ಡಿಗ್ರಿ ಇಳಿಯುತ್ತದೆ. ತಿರುಗಿಸಿ ಹೇಳಿದರೆ, ಹವೆ ಒಂದು ಡಿಗ್ರಿ ಬಿಸಿಯಾದರೆ ರೋಗದ ಗೆರೆ ಸುಮಾರು 150 ಮೀಟರ್ ಮೇಲೇರುತ್ತದೆ. ಮಾವಿ ದ್ವೀಪದಲ್ಲಿ ಹಲೆಯಕಲಾ ಶಿಖರ 3,055 ಮೀಟರ್, ಹವಾಯಿ ದ್ವೀಪದಲ್ಲಿ ಮೌನಾ ಕೆಯಾ 4,207 ಮೀಟರ್. ಅಲ್ಲಿಯ ಹಕ್ಕಿಗಳಿಗೆ ಮೇಲೆ ಸರಿಯಲು ಸ್ವಲ್ಪವಾದರೂ ಕಾಡು ಇದೆ. ಕವಾಯಿಯಲ್ಲಿ 1,598 ಮೀಟರಿಗೆ ಬೆಟ್ಟವೇ ಮುಗಿಯುತ್ತದೆ.

ರಕ್ತದ ಮಾದರಿಗಳು ಇದನ್ನೇ ತೋರಿಸಿದವು. 1990ರ ದಶಕದ ನಡುವೆ ಮತ್ತು 2007ರಿಂದ 2013ರ ನಡುವೆ ಅಲಕಾಯಿಯಲ್ಲಿ ಬಲೆಗೆ ಬಿದ್ದ ಹಕ್ಕಿಗಳ ರಕ್ತವನ್ನು ಹೋಲಿಸಿದಾಗ ಮಲೇರಿಯಾ ಸೋಂಕಿನ ಪ್ರಮಾಣ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಇಲ್ಲಿ ಒಂದು ಸೂಕ್ಷ್ಮವಿದೆ. ಅಕಿಕಿಕಿಯ ರಕ್ತವನ್ನಷ್ಟೇ ಪರೀಕ್ಷಿಸಿದರೆ ಸೋಂಕು ಕಡಿಮೆ ಎಂದೇ ಕಾಣಬಹುದು, ಏಕೆಂದರೆ ಸೋಂಕು ತಗುಲಿದವು ಸತ್ತು ಬಲೆಗೆ ಸಿಗುವುದೇ ಇಲ್ಲ. ಸೋಂಕನ್ನು ಒಂದಷ್ಟು ತಾಳಿಕೊಳ್ಳುವ ಅಪಪಾನೆಯಂಥ ಹಕ್ಕಿಗಳನ್ನೇ ನೋಡಬೇಕು. ಅಪಪಾನೆ ಓಹಿಯಾ ಹೂವಿನ ಬೆನ್ನಟ್ಟಿ ದೂರದೂರ ಹಾರುವ ಹಕ್ಕಿ. ತಗ್ಗಿನಲ್ಲಿ ಸೋಂಕು ಹತ್ತಿಸಿಕೊಂಡು ಮೇಲಿನ ಕಾಡಿಗೆ ತಂದು ಸೇರಿಸುವುದೂ ಅದೇ. ವಯಸ್ಸನ್ನೂ ಬೇರ್ಪಡಿಸಬೇಕು: ದೊಡ್ಡ ಹಕ್ಕಿಯಲ್ಲಿ ಪ್ರತಿಕಾಯ ಕಂಡರೆ ಎಂದೋ ಒಮ್ಮೆ ಸೋಂಕಾಗಿತ್ತು ಎಂದಷ್ಟೇ ಅರ್ಥ, ಆ ವರ್ಷ ಹುಟ್ಟಿದ ಮರಿಯಲ್ಲಿ ಕಂಡರೆ ರೋಗ ಈ ವರ್ಷವೇ ಹರಡುತ್ತಿದೆ ಎಂದು ಖಚಿತ.

ನೀರು, ಹಂದಿ, ಇಲಿ

ಬಿಸಿಯೊಂದೇ ಸಾಲದು, ಸೊಳ್ಳೆ ಮೊಟ್ಟೆಯಿಡಲು ನಿಂತ ನೀರು ಬೇಕು. ಇಷ್ಟು ಮಳೆ ಬೀಳುವ ಜಾಗದಲ್ಲಿ ಮಳೆ ಕಡಿಮೆಯಾದರೆ ಸೊಳ್ಳೆ ಹೆಚ್ಚುತ್ತದೆ ಎಂದರೆ ವಿಚಿತ್ರ ಅನ್ನಿಸಬಹುದು. ತೊರೆಗಳು ತುಂಬಿ ಹರಿಯುತ್ತಿದ್ದರೆ ಅಂಚಿನ ಸೊಳ್ಳೆಮರಿಗಳೆಲ್ಲ ಕೊಚ್ಚಿಹೋಗುತ್ತವೆ. ಹರಿವು ಇಳಿದಾಗ ಬಂಡೆಗಳ ನಡುವಿನ ಗುಳಿಗಳಲ್ಲಿ ನೀರು ನಿಂತು, ಎಲೆ ಕೊಳೆತು, ಕ್ಯೂಲೆಕ್ಸ್‌ಗೆ ಬೇಕಾದ ಜಾಗವೇ ಆಗುತ್ತದೆ. ಕಾಡಿಗೆ ಬಿದ್ದ ಹಂದಿಗಳು ಮರದಷ್ಟೆತ್ತರ ಬೆಳೆಯುವ ಜರೀಗಿಡಗಳನ್ನು ಕೆಡವಿ ಒಳಗಿನ ತಿರುಳು ತಿಂದು ತೊಟ್ಟಿಯಂತೆ ಬಿಟ್ಟುಹೋಗುತ್ತವೆ, ಅದರಲ್ಲಿ ನೀರು ತುಂಬುತ್ತದೆ. ಅವು ಹೊರಳಾಡಿದ ಗುಂಡಿಗಳೂ ಅಷ್ಟೇ. ಬೇಲಿ ಹಾಕಿ ಹಂದಿಗಳನ್ನು ಹೊರಗಿಟ್ಟದ್ದರಿಂದ ಕಾಡಿನ ನೆಲಹಾಸು ಚಿಗುರಿತು, ಗುಂಡಿಗಳು ಕಡಿಮೆಯಾದವು. ಆದರೆ ತೊರೆಯ ಗುಳಿಗಳಿಗೆ ಬೇಲಿ ಹಾಕಲಾಗದು, ಸೊಳ್ಳೆಗೆ ಬೇಲಿಯ ಲೆಕ್ಕವೂ ಇಲ್ಲ.

1982ರ ಇವಾ ಮತ್ತು 1992ರ ಇನಿಕಿ ಚಂಡಮಾರುತಗಳು ಮರಗಳ ನೆತ್ತಿಯನ್ನು ಮುರಿದು ಕಾಡಿನೊಳಗೆ ಬಿಸಿಲು ಬಿಟ್ಟವು. ಹೊರಗಿನ ಗಿಡಗಳು ನುಗ್ಗಿದವು. ಇದೇ ಅಲಕಾಯಿಯಲ್ಲಿ ಕೊನೆಯ ನೆಲೆ ಕಂಡಿದ್ದ ಕವಾಯಿಯ ಓಓ ಹಕ್ಕಿಯ ದನಿ 1987ರ ನಂತರ ಕೇಳಲಿಲ್ಲ. 2018ರಲ್ಲಿ ಓಹಿಯಾ ಮರಗಳನ್ನು ಒಣಗಿಸುವ ಶಿಲೀಂಧ್ರ ರೋಗವೂ ದ್ವೀಪದಲ್ಲಿ ಪತ್ತೆಯಾಯಿತು.

ಇಲಿಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕೈಗೆಟುಕುವ ಕೆಲಸ ಅದೊಂದೇ ಆಗಿತ್ತು. ಇಲಿಗಳು ಮರ ಹತ್ತಿ ಮೊಟ್ಟೆ, ಮರಿಯನ್ನೂ, ರಾತ್ರಿ ಗೂಡಿನ ಮೇಲೆ ಕೂತ ಹೆಣ್ಣನ್ನೂ ಕೊಲ್ಲುತ್ತವೆ. ಗೂಡುಗಳಿರುವ ಕಣಿವೆಗಳಲ್ಲಿ ತಾನಾಗಿ ಮತ್ತೆ ಮತ್ತೆ ಸಜ್ಜಾಗುವ ಬೋನುಗಳನ್ನು ಮರಗಳಿಗೆ ಕಟ್ಟಿದರು. ಒತ್ತಿ ತುಂಬಿದ ಅನಿಲದ ಒಂದು ಡಬ್ಬಿಗೆ 24 ಹೊಡೆತ ಬರುತ್ತದೆ, ಆಮೇಲೆ ಡಬ್ಬಿಯನ್ನೂ ಆಕರ್ಷಕ ತಿನಿಸನ್ನೂ ಬದಲಿಸಬೇಕು. ದಾರಿಯೇ ಇಲ್ಲದ ಜೌಗಿನಲ್ಲಿ ಇದು ದೊಡ್ಡ ಅನುಕೂಲ. ಗೂಡುಗಳಿಗೆ ಇದರಿಂದ ರಕ್ಷಣೆ ಸಿಗುತ್ತದೆ. ಆದರೆ ವರ್ಷಕ್ಕೆ ಒಂದೆರಡು ಮರಿ ಮಾಡುವ ಹಕ್ಕಿಯ ಸಂಖ್ಯೆ ನಿಲ್ಲುವುದು ಬೆಳೆದ ಹಕ್ಕಿಗಳು ಹಲವು ವರ್ಷ ಬದುಕಿದರೆ ಮಾತ್ರ. ಮಲೇರಿಯಾ ಕೊಲ್ಲುವುದು ಬೆಳೆದ ಹಕ್ಕಿಗಳನ್ನೂ ಆಗತಾನೇ ಗೂಡು ಬಿಟ್ಟವನ್ನೂ. ಇಲಿಬೋನಿನಿಂದ ಉಳಿಸಿದ ಮರಿಯನ್ನು ಕೆಲವೇ ತಿಂಗಳಲ್ಲಿ ಸೊಳ್ಳೆ ಒಯ್ಯುತ್ತಿತ್ತು. ಬೋನು ಹಾಕಿದ್ದು ತಪ್ಪಲ್ಲ, ಅದರಿಂದಲೇ ಕೆಲವು ವರ್ಷ ಸಿಕ್ಕಿರಲೂಬಹುದು. ಮುಖ್ಯ ಕಾರಣಕ್ಕೆ ಮಾತ್ರ ಆಗ ಕಾಡಿನಲ್ಲಿ ಬಳಸಬಹುದಾದ ಮದ್ದೇ ಇರಲಿಲ್ಲ.

ಮೊಟ್ಟೆ ಇಳಿಸಿದ ಕೆಲಸ

2015ರಿಂದ ಕವಾಯಿ ಫಾರೆಸ್ಟ್ ಬರ್ಡ್ ರಿಕವರಿ ಪ್ರಾಜೆಕ್ಟ್ ಮತ್ತು ಸ್ಯಾನ್ ಡಿಯಾಗೋ ಮೃಗಾಲಯದ ಸಂರಕ್ಷಣಾ ತಂಡ ಕಾಡಿನ ಗೂಡುಗಳಿಂದ ಮೊಟ್ಟೆ ತಂದು ಸೆರೆಯಲ್ಲಿ ಮರಿ ಮಾಡಿಸತೊಡಗಿದವು. ದೊಡ್ಡ ಹಕ್ಕಿಗಳನ್ನು ಹಿಡಿಯದೆ ಮೊಟ್ಟೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣಗಳಿವೆ. ಮೊಟ್ಟೆ ಹೋದ ಜೋಡಿ ಅದೇ ಋತುವಿನಲ್ಲಿ ಮತ್ತೆ ಗೂಡು ಕಟ್ಟಿ ಇಡಬಹುದು, ಕಾಡಿಗೆ ಆ ವರ್ಷ ಪೂರ್ತಿ ನಷ್ಟವಾಗುವುದಿಲ್ಲ. ತೊಗಟೆಯಿಂದ ಹುಳು ಹೆಕ್ಕಿಯೇ ಬೆಳೆದ ಹಕ್ಕಿ ಬಟ್ಟಲಿನ ಆಹಾರಕ್ಕೆ ಒಗ್ಗುವುದು ಕಷ್ಟ, ಕೈಯಲ್ಲಿ ಉಣಿಸಿದ ಮರಿ ಸುಲಭವಾಗಿ ಒಗ್ಗುತ್ತದೆ. ಮೊಟ್ಟೆಯೊಳಗೆ ಮಲೇರಿಯಾವೂ ಬರುವುದಿಲ್ಲ.

ಕಷ್ಟವಿದ್ದದ್ದು ಗೂಡು ಮುಟ್ಟುವುದರಲ್ಲಿ. ಗೂಡಿರುವ ಕೊಂಬೆಯ ತುದಿ ಮನುಷ್ಯನ ಭಾರ ತಾಳದು, ಮರ ಹತ್ತಿ ಪ್ರಯೋಜನವಿಲ್ಲ. ಹಾಗಾಗಿ ಸುಮಾರು 12 ಮೀಟರ್ ಉದ್ದದ ಏಣಿಯನ್ನು ಕಾಡಿಗೆ ಹೊತ್ತು, ಇಳಿಜಾರಿನ ಕೆಸರು ನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಸುತ್ತಲಿನ ಮರಗಳಿಗೆ ಹಗ್ಗ ಬಿಗಿದು ಹತ್ತಬೇಕಾಯಿತು. ಮೊಟ್ಟೆಯನ್ನು ಬೆಚ್ಚಗಿನ ಪೆಟ್ಟಿಗೆಗೆ ಹಾಕಿ ಹೆಲಿಕಾಪ್ಟರ್‌ನಲ್ಲಿ ಹೊರತರಬೇಕು. ಅಲಕಾಯಿಯಲ್ಲಿ ಮಂಜು ಕವಿದರೆ ಹೆಲಿಕಾಪ್ಟರ್ ಇಳಿಯದು. ಆಗ ಪೆಟ್ಟಿಗೆಯ ಬ್ಯಾಟರಿ, ಬಿಸಿ ಎರಡನ್ನೂ ಕಾಡಿನ ಶಿಬಿರದಲ್ಲೇ ಕಾಯಬೇಕು.

ಹೀಗೆ ಕಟ್ಟಿದ ಗುಂಪಿನ ಹಕ್ಕಿಗಳು ಹವಾಯಿ ದ್ವೀಪದ ಮತ್ತು ಮಾವಿಯ ಎರಡು ಕೇಂದ್ರಗಳಲ್ಲಿ ಉಳಿದಿವೆ, ಸಂಖ್ಯೆ ಐವತ್ತರ ಆಸುಪಾಸು. ಇಡೀ ಪ್ರಭೇದ ಈಗ ಹೆಚ್ಚುಕಡಿಮೆ ಅಷ್ಟೇ. ಎರಡು ಕಡೆ ಇಟ್ಟದ್ದು ಎಷ್ಟು ಸರಿ ಎಂಬುದು 2023ರ ಆಗಸ್ಟ್‌ನಲ್ಲಿ ತಿಳಿಯಿತು. ಮಾವಿಯ ಕಾಡ್ಗಿಚ್ಚು ಅಲ್ಲಿನ ಕೇಂದ್ರದ ಬೇಲಿಯ ಬಳಿಗೇ ಬಂತು. ಅಲ್ಲಿದ್ದವರು ನೀರಿನ ಪೈಪು, ಅಗ್ನಿಶಾಮಕ ಡಬ್ಬಿ ಹಿಡಿದು ತಡೆದರು. ಸೆರೆಯಲ್ಲಿ ಇವು ನಿಧಾನವಾಗಿ ಹೆಚ್ಚುತ್ತವೆ, ಎಲ್ಲ ಜೋಡಿಗಳೂ ಹೊಂದುವುದಿಲ್ಲ, ಕೇಂದ್ರಗಳ ಗೂಡುಮನೆಗಳಿಗೂ ಸೊಳ್ಳೆಬಲೆ ಬೇಕು. ಮರಿಗಳು ಸಾಕಷ್ಟಾದ ಮೇಲೆ ಕಾಡಿಗೆ ಬಿಡೋಣ ಎಂಬ ಯೋಜನೆ ಸೊಳ್ಳೆ ಕಡಿಮೆಯಾಗದ ಹೊರತು ಬರಿಯ ಮಾತು.

ಅದು ಬರಿಯ ಮಾತು ಎಂದು ಮಾವಿಯ ಕಿವಿಕಿಯು ಹಕ್ಕಿಯ ಪ್ರಕರಣ ತೋರಿಸಿತ್ತು. 2019ರ ಅಕ್ಟೋಬರ್‌ನಲ್ಲಿ ಹಲೆಯಕಲಾದ ಇಳಿಜಾರಿನ ನಕುಲಾ ಎಂಬಲ್ಲಿ, ವರ್ಷಗಟ್ಟಲೆ ಗಿಡ ನೆಟ್ಟು ಎಬ್ಬಿಸಿದ ಕಾಡಿಗೆ 14 ಹಕ್ಕಿಗಳನ್ನು ಒಯ್ದರು. ಏಳು ಕಾಡಿನವು, ಏಳು ಸೆರೆಯಲ್ಲಿ ಬೆಳೆದವು. ಆ ವರ್ಷ ಸೊಳ್ಳೆಗಳು ಎಣಿಸಿದ್ದಕ್ಕಿಂತ ಮೇಲಕ್ಕೆ ಬಂದಿದ್ದವು. ಕೆಲವೇ ವಾರಗಳಲ್ಲಿ ಹಕ್ಕಿಗಳು ಮಲೇರಿಯಾದಿಂದ ಸಾಯತೊಡಗಿ ಪ್ರಯತ್ನ ಮುರಿದುಬಿತ್ತು. ಒಂದೇ ಒಂದು ಗಂಡು 2021ರಲ್ಲಿ ಜೀವಂತವಾಗಿ ಕಂಡಿತು. ಕಾಡು ಸಿದ್ಧವಿತ್ತು, ಹಕ್ಕಿಗಳು ಆರೋಗ್ಯವಾಗಿದ್ದವು. ಹಿಂದಿನ ವರ್ಷಗಳ ಸೊಳ್ಳೆ ಲೆಕ್ಕವನ್ನು ಈ ವರ್ಷಕ್ಕೂ ನಂಬಿದ್ದೇ ಮುಳುವಾಯಿತು.

ಗಂಡು ಸೊಳ್ಳೆಗಳನ್ನು ಬಿಡುವುದು

ಹಳೆಯ ಮದ್ದುಗಳು ಇಲ್ಲಿ ನಡೆಯುವುದಿಲ್ಲ. ಸಿಂಪಡಿಸುವ ಕೀಟನಾಶಕ ಹಕ್ಕಿ ತಿನ್ನುವ ಹುಳುಗಳನ್ನೂ ಕೊಲ್ಲುತ್ತದೆ. ಸೊಳ್ಳೆಮರಿಯನ್ನು ಮಾತ್ರ ಕೊಲ್ಲುವ ಬಿಟಿಐ ಬ್ಯಾಕ್ಟೀರಿಯಾ ಒಳ್ಳೆಯದೇ, ಆದರೆ ಲೆಕ್ಕವಿಲ್ಲದ ಗುಳಿಗಳಿಗೆ ಮತ್ತೆ ಮತ್ತೆ ಹಾಕುವವರು ಯಾರು? ಆದ್ದರಿಂದ ಹಲವು ಸಂಸ್ಥೆಗಳು, ಇಲಾಖೆಗಳು ಸೇರಿದ ‘ಬರ್ಡ್ಸ್, ನಾಟ್ ಮಸ್ಕಿಟೋಸ್’ ಒಕ್ಕೂಟ ಸೊಳ್ಳೆಯನ್ನು ಸೊಳ್ಳೆಯಿಂದಲೇ ತಡೆಯುವ ದಾರಿ ಹಿಡಿಯಿತು.

ಕ್ಯೂಲೆಕ್ಸ್ ಸೊಳ್ಳೆಯ ಮೈಯಲ್ಲಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಸಹಜವಾಗಿಯೇ ಇರುತ್ತದೆ. ಅದನ್ನು ತೆಗೆದು, ಏಷ್ಯನ್ ಟೈಗರ್ ಸೊಳ್ಳೆಯಲ್ಲಿರುವ ಬೇರೊಂದು ತಳಿಯ ವೊಲ್ಬಾಕಿಯಾವನ್ನು ಸೇರಿಸಿದ ಗಂಡುಗಳನ್ನು ಸಾಕುತ್ತಾರೆ. ಈ ಗಂಡು ಕಾಡಿನ ಹೆಣ್ಣಿನ ಜೊತೆ ಕೂಡಿದರೆ ಮೊಟ್ಟೆ ಒಡೆಯುವುದಿಲ್ಲ. ಹೆಣ್ಣು ಸಾಮಾನ್ಯವಾಗಿ ಒಮ್ಮೆಯೇ ಕೂಡುವುದರಿಂದ ಅವಳ ಇಡೀ ಸಂತಾನ ನಿಂತಂತೆ. ಗಂಡು ಸೊಳ್ಳೆ ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ. ಮುಖ್ಯ ಎಚ್ಚರ ಬೇರ್ಪಡಿಸುವಲ್ಲಿದೆ. ರೆಕ್ಕೆ ಬರುವ ಮೊದಲಿನ ಪ್ಯೂಪಾ ಹಂತದಲ್ಲಿ ಗಂಡು ಹೆಣ್ಣಿಗಿಂತ ಚಿಕ್ಕದು, ಆ ಅಳತೆಯಿಂದ ಮೊದಲ ಜರಡಿ, ಆಮೇಲೆ ಮತ್ತಷ್ಟು ಪರೀಕ್ಷೆ. ಹೊಸ ತಳಿಯ ಹೆಣ್ಣುಗಳು ಹೆಚ್ಚು ಸಂಖ್ಯೆಯಲ್ಲಿ ತಪ್ಪಿ ಸೇರಿದರೆ ಅವು ಅದೇ ತಳಿಯ ಗಂಡುಗಳೊಡನೆ ಕೂಡಿ ಮರಿ ಮಾಡುತ್ತವೆ. ಆ ತಳಿ ಕಾಡಿನಲ್ಲಿ ನೆಲೆಯೂರಿದರೆ ಇಡೀ ವಿಧಾನ ನಿಷ್ಫಲ.

2023ರಲ್ಲಿ ಅಮೆರಿಕದ ಪರಿಸರ ಸಂಸ್ಥೆಯ ತುರ್ತು ಅನುಮತಿ ಸಿಕ್ಕಿ, ಆ ವರ್ಷದ ಕೊನೆಗೆ ಮಾವಿಯಲ್ಲಿ ಬಿಡುಗಡೆ ಶುರುವಾಯಿತು, ನಂತರ ಕವಾಯಿಯಲ್ಲಿ. ವಾರಕ್ಕೆ ಲಕ್ಷಗಟ್ಟಲೆ ಗಂಡುಗಳು ಹೆಲಿಕಾಪ್ಟರ್‌ನಿಂದ ಬೀಳುತ್ತವೆ. ಮಣ್ಣಲ್ಲಿ ಕರಗುವ ವಸ್ತುವಿನ ಪೆಟ್ಟಿಗೆಗಳು ಅವುಗಳನ್ನು ಒಯ್ಯುತ್ತವೆ. 2025ರಲ್ಲಿ ಡ್ರೋನ್‌ನಿಂದಲೂ ಬಿಡುವುದು ಶುರುವಾಯಿತು. ಪೈಲಟ್‌ನ ಜೀವ ಪಣಕ್ಕಿಡದೆ, ಹವೆ ತೆರೆದ ಸ್ವಲ್ಪ ಹೊತ್ತಿನಲ್ಲೇ ಹಾರಿಸಬಹುದಾದ್ದರಿಂದ ಅಲಕಾಯಿಯಂಥ ಜಾಗಕ್ಕೆ ಇದು ಸರಿಯಾದ ಸಾಧನ.

ಕಾಡಿನ ಅಕಿಕಿಕಿಗೆ ಇದು ತಡವಾಗಿ ಬಂತು. ಅದೇ ಕಾಡಿನಲ್ಲಿ ಇನ್ನೂ ಉಳಿದಿರುವ ಅಕೆಕೆಎ ಹಕ್ಕಿಗೆ ತಡವಾಗಿಲ್ಲ. ಅದೂ 2010ರಲ್ಲೇ ಪಟ್ಟಿ ಸೇರಿದ ಹಕ್ಕಿ. ಅಕಿಕಿಕಿಯನ್ನು ಮರಳಿ ಬಿಡುವ ಮೊದಲು ನೋಡಬೇಕಾದದ್ದು ಇಷ್ಟು: ಒಣ ಮಂಜುಗಡ್ಡೆ ಬಿಡುವ ಇಂಗಾಲದ ಡೈಆಕ್ಸೈಡ್‌ನಿಂದ ಸೆಳೆಯುವ ಬಲೆ ಮತ್ತು ಕೊಳೆತ ಹುಲ್ಲಿನ ನೀರಿನಿಂದ ಮೊಟ್ಟೆಯಿಡುವ ಹೆಣ್ಣನ್ನು ಸೆಳೆಯುವ ಬಲೆ, ಎರಡರಲ್ಲೂ ಹೆಣ್ಣು ಸೊಳ್ಳೆ ಸಿಗದಿರಬೇಕು ಅಥವಾ ತೀರಾ ಅಪರೂಪವಾಗಬೇಕು, ಸಿಕ್ಕವುಗಳಲ್ಲಿ ಪರೋಪಜೀವಿ ಇರಬಾರದು. ಆ ವರ್ಷದ ಅಪಪಾನೆ ಮರಿಗಳ ರಕ್ತ ಶುಭ್ರವಾಗಿರಬೇಕು. ಇದು ಒಂದು ಋತುವಿನ ಫಲಿತಾಂಶವಾದರೆ ಸಾಲದು, ಸೊಳ್ಳೆ ಹೆಚ್ಚುವ ಬೇಸಿಗೆಯ ಕೊನೆಯ ತಿಂಗಳುಗಳಲ್ಲೂ, ಮಳೆ ಕಡಿಮೆಯಾದ ವರ್ಷದಲ್ಲೂ ಹಾಗೇ ನಿಲ್ಲಬೇಕು. ಗಂಡು ಸೊಳ್ಳೆಯ ಆಯುಷ್ಯ ಕೆಲವೇ ದಿನ, ಆದ್ದರಿಂದ ಬಿಡುಗಡೆ ಪ್ರತಿ ವಾರವೂ ನಡೆಯಲೇಬೇಕು. ಹವೆಯಿಂದಲೋ ಹಣದ ಕೊರತೆಯಿಂದಲೋ ಕೆಲವು ವಾರ ತಪ್ಪಿದರೆ ಹೊಸದಾಗಿ ಹುಟ್ಟಿದ ಹೆಣ್ಣುಗಳು ಕಾಡಿನ ಗಂಡುಗಳೊಡನೆ ಕೂಡುತ್ತವೆ, ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.